ಹುಣಸೆ ಬೀಜ, ಕವಡೆ ಮತ್ತು ಗಣಕ

(ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಶಾಲಾ ಶಿಕ್ಷಕರ ಮುಂದೆ ನಮ್ಮ ವರದಿಗಾರರು ಹಾನಗಲ್ಲಿನಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಕ್ಕಳಿಗೆ ಗಣಕವನ್ನು ಕಲಿಸುವ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಕರೆದಿದ್ದೀರಿ. ಎಂಜಿನಿಯರಿಂಗ್ ನನ್ನ ಓದಲ್ಲ. ಪತ್ರಿಕೋದ್ಯಮದಲ್ಲಿ ಒಂದು ಡಿಪ್ಲೊಮಾ, ಆಮೇಲೆ ವರದಿಗಾರಿಕೆ, ಇಷ್ಟೇ ನನ್ನ ಬಂಡವಾಳ. ಆದ್ದರಿಂದ ಯಂತ್ರದ ಒಳಗೆ ಏನಿದೆ ಎಂದು ಹೇಳುವ ಗೋಜಿಗೆ ಹೋಗುವುದಿಲ್ಲ. ಯಂತ್ರ ಇಲ್ಲದೆಯೂ ಗಣಕದ ಪಾಠವನ್ನು ಶುರು ಮಾಡಬಹುದು, ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಮನೆಯ ಅಟ್ಟದ ಮೇಲೆಯೇ ಇದೆ ಎಂಬುದಷ್ಟೇ ನನ್ನ ವಾದ. ಸಾಮಗ್ರಿ ಎಂದರೆ ಒಂದು ಅಳಗುಳಿಮಣೆ, ನಾಲ್ಕು ಕವಡೆ, ಒಂದು ಸೀಮೆಸುಣ್ಣ, ಒಂದು ಹಿಡಿ ಹುಣಸೆ ಬೀಜ.

ನಾನು ಓದಿದ ಶಾಲೆಯಲ್ಲೂ ಗಣಕದ ಕೋಣೆಯೊಂದಿತ್ತು. ಅದಕ್ಕೆ ಬೀಗವೂ ಇತ್ತು. ವಾರಕ್ಕೊಮ್ಮೆ ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ಒಳಗೆ ಹೋಗಿ, ಮಾನಿಟರ್, ಮೌಸ್, ಕೀಬೋರ್ಡ್ ಎಂದು ಹೆಸರು ಬಾಯಿಪಾಠ ಮಾಡಿ ಹೊರಗೆ ಬರುತ್ತಿದ್ದೆವು. ಗುಡಿಯ ದರ್ಶನಕ್ಕೂ ಅದಕ್ಕೂ ಹೆಚ್ಚಿನ ಅಂತರವಿರಲಿಲ್ಲ, ತೀರ್ಥ ಮಾತ್ರ ಸಿಗುತ್ತಿರಲಿಲ್ಲ. ಯಂತ್ರದ ಅಂಗಾಂಗಗಳ ಹೆಸರು ತಿಳಿದರೆ ಗಣಕ ತಿಳಿದಂತೆ ಎಂಬ ಈ ಭಾವನೆ ಇನ್ನೂ ಎಷ್ಟೋ ಕಡೆ ಉಳಿದಿದೆ. ಟೈಲರಿಂಗ್ ಕಲಿಸುತ್ತೇವೆಂದು ಸೂಜಿ, ದಾರ, ಕತ್ತರಿಗಳ ಹೆಸರು ಬರೆಸಿ ಕಳಿಸಿದರೆ ಅಂಗಿ ಹೊಲಿಯುವವರು ಯಾರು?

ಗಣಕದ ಸ್ವಭಾವ ಬಹಳ ಸರಳ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತದೆ, ಹೇಳದೇ ಇದ್ದುದನ್ನು ಊಹಿಸಿಕೊಳ್ಳುವುದಿಲ್ಲ. ಹಾಗಾಗಿ ಅದಕ್ಕೆ ಕೆಲಸ ಹೇಳಬೇಕಾದವನು ತನ್ನ ತಲೆಯಲ್ಲಿರುವ ಕೆಲಸವನ್ನು ಬಿಡಿ ಬಿಡಿ ಹೆಜ್ಜೆಗಳಾಗಿ ಒಡೆಯಬೇಕು. ಯಾವ ಹೆಜ್ಜೆ ಮರುಕಳಿಸುತ್ತದೆ, ಎಲ್ಲಿ ದಾರಿ ಕವಲೊಡೆಯುತ್ತದೆ, ಯಾವಾಗ ನಿಲ್ಲಬೇಕು ಎಂಬುದನ್ನು ಒಂದೂ ಬಿಡದೆ ಹೇಳಬೇಕು. ಈ ಬಗೆಯ ವಿಚಾರಕ್ಕೆ ಇಂಗ್ಲಿಷಿನಲ್ಲಿ ಕಂಪ್ಯೂಟೇಶನಲ್ ಥಿಂಕಿಂಗ್ ಎನ್ನುತ್ತಾರೆ, ನಾವು ಗಣಕ ಚಿಂತನೆ ಎಂದುಕೊಳ್ಳೋಣ. ಅಮೆರಿಕದ ಸೀಮೋರ್ ಪ್ಯಾಪರ್ಟ್ 1980ರ ತಮ್ಮ ಪುಸ್ತಕದಲ್ಲಿ ಈ ಮಾತನ್ನು ಬಳಸಿದರು. 2006ರಲ್ಲಿ ಜೆನೆಟ್ ವಿಂಗ್ ಎಂಬ ಪ್ರಾಧ್ಯಾಪಕಿ, ಓದು ಬರಹ ಲೆಕ್ಕದ ಹಾಗೆ ಇದೂ ಎಲ್ಲ ಮಕ್ಕಳಿಗೂ ಬೇಕಾದ ವಿದ್ಯೆ ಎಂದು ವಾದಿಸಿ ಬರೆದ ಮೇಲೆ ಅದು ಜಗತ್ತಿನ ಶಾಲೆಗಳಿಗೆಲ್ಲ ಹಬ್ಬಿತು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಈ ಪದ ಇದೆ. ಆ ನೀತಿಯ ಬಗ್ಗೆ ಜಗಳಗಳು ಬೇಕಾದಷ್ಟಿವೆ, ಅವು ಇರಲಿ. ಗಣಿತವನ್ನೂ ಗಣಕ ಚಿಂತನೆಯನ್ನೂ ಎಳೆಯ ತರಗತಿಯಿಂದಲೇ ಒಗಟು ಮತ್ತು ಆಟಗಳ ಮೂಲಕ ಕಲಿಸಬೇಕು ಎಂಬ ಅದರ ಮಾತಿನ ಬಗ್ಗೆ ಜಗಳವಿರಲಾರದು. ಸರ್ವಜ್ಞನ ಒಗಟು ಹೇಳಿ ಬೆಳೆದ ಹಿರೇಕೆರೂರಿನವರಿಗೆ, ಬಾಡದ ಕನಕದಾಸರ ಮುಂಡಿಗೆ ಬಿಡಿಸಿದ ಶಿಗ್ಗಾವಿಯವರಿಗೆ ಇದನ್ನು ದಿಲ್ಲಿಯವರು ಬಂದು ಹೇಳಬೇಕಾಗಿಯೂ ಇರಲಿಲ್ಲ.

ಈ ಮಾತನ್ನು ಹಾನಗಲ್ಲಿನಲ್ಲಿ ನಿಂತು ಆಡುವುದಕ್ಕೆ ಒಂದು ವಿಶೇಷ ಅರ್ಥವಿದೆ. ಶಾಸನಗಳಲ್ಲಿ ಪಾನುಂಗಲ್ ಎನಿಸಿಕೊಂಡ ಈ ಊರಿಗೆ ವಿರಾಟನಗರಿ ಎಂಬ ಹೆಸರೂ ಇದೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲಿಯೇ ಎಂದು ಇಲ್ಲಿನವರ ನಂಬಿಕೆ. ಚರಿತ್ರೆಯ ದೃಷ್ಟಿಯಿಂದ ಅದು ಐತಿಹ್ಯ, ಆದರೆ ಐತಿಹ್ಯಕ್ಕೂ ಅದರದೇ ಆದ ಬುದ್ಧಿ ಇರುತ್ತದೆ. ವಿರಾಟನ ಆಸ್ಥಾನದಲ್ಲಿ ಧರ್ಮರಾಯ ಕಂಕನೆಂಬ ಹೆಸರಿನಲ್ಲಿ ದೊರೆಯ ಜೊತೆಗೆ ಪಗಡೆಯಾಡುವ ಕೆಲಸಕ್ಕೆ ಸೇರಿದ. ಜೂಜಿನಲ್ಲಿ ರಾಜ್ಯವನ್ನೇ ಕಳೆದುಕೊಂಡವನು ಜೂಜಿನ ಜಾಣನೆಂದು ಹೇಳಿಕೊಂಡು ಹೇಗೆ ಬಂದ? ಮಹಾಭಾರತದ ಅರಣ್ಯಪರ್ವದಲ್ಲಿ ಇದಕ್ಕೆ ಉತ್ತರವಿದೆ. ಬೃಹದಶ್ವನೆಂಬ ಋಷಿ ಧರ್ಮರಾಯನಿಗೆ ನಳನ ಕತೆ ಹೇಳುತ್ತಾನೆ. ಆ ಕತೆಯಲ್ಲಿ ಋತುಪರ್ಣ ರಾಜ ತಾರೆ ಮರವೊಂದರ ಎಲೆ ಕಾಯಿಗಳ ಸಂಖ್ಯೆಯನ್ನು ನಿಂತಲ್ಲೇ ಹೇಳುತ್ತಾನೆ. ನಳ ನಂಬದೆ ಎಣಿಸಿ ನೋಡಿದರೆ ಲೆಕ್ಕ ಸರಿ. ಆ ಕಾಲದಲ್ಲಿ ತಾರೆಕಾಯಿಗಳೇ ದಾಳಗಳು ಎಂಬುದನ್ನು ಮರೆಯಬೇಡಿ. ಋತುಪರ್ಣ ನಳನಿಗೆ ಕಲಿಸಿದ ವಿದ್ಯೆಯ ಹೆಸರು ಅಕ್ಷಹೃದಯ, ಅಂದರೆ ದಾಳದ ಒಳಗುಟ್ಟು. ಕತೆ ಮುಗಿಸಿದ ಬೃಹದಶ್ವ ಅದೇ ವಿದ್ಯೆಯನ್ನು ಧರ್ಮರಾಯನಿಗೂ ಕೊಟ್ಟ. ಆಟ ಆಡಲು ಬರುವುದು ಬೇರೆ, ಆಟದ ಹೃದಯ ತಿಳಿಯುವುದು ಬೇರೆ. ಹಸ್ತಿನಾವತಿಯಲ್ಲಿ ಸೋತವನು ಮೊದಲನೆಯದನ್ನು ಮಾತ್ರ ಬಲ್ಲವನಾಗಿದ್ದ.

ಈಗ ನಮ್ಮ ಮಕ್ಕಳ ಕಡೆ ಬರೋಣ. ಅವರಿಗೆ ಆಡಲು ಬರುತ್ತದೆ. ಆಟದ ಹೃದಯ ಕಾಣಿಸಬೇಕಾದರೆ ಅವರಿಂದ ಆಟ ಕಟ್ಟಿಸಬೇಕು, ಕಡೆಯ ಪಕ್ಷ ಗೊತ್ತಿರುವ ಆಟದ ನಿಯಮವನ್ನು ಬರೆಸಬೇಕು. ಇದು ನೋಡಿದಷ್ಟು ಸುಲಭವಲ್ಲ. ಆರನೆಯ ತರಗತಿ ಓದುವ ನನ್ನ ಅಕ್ಕನ ಮಗಳಿಗೆ ಚೌಕಾಬಾರದ ನಿಯಮ ಬರೆದು ಕೊಡು ಎಂದೆ. ಮೂರು ಸಾಲು ಬರೆದು ತಂದಳು: ಕವಡೆ ಹಾಕು. ಕಾಯಿ ನಡೆಸು. ಹಣ್ಣು ಮಾಡು. ಅವಳಿಗೆ ಅದು ಪೂರ್ತಿಯಾಗಿಯೇ ಇತ್ತು, ಯಾಕೆಂದರೆ ಉಳಿದದ್ದೆಲ್ಲ ಅವಳ ಕೈಬೆರಳಿನಲ್ಲಿತ್ತು. ನಾನು ಏನೂ ಅರಿಯದ ಯಂತ್ರದ ಹಾಗೆ ಅದನ್ನು ಪಾಲಿಸಿದೆ. ಕವಡೆ ಹಾಕಿದೆ, ಹಾಕುತ್ತಲೇ ಹೋದೆ. ನಿಲ್ಲಿಸು ಎಂದು ಎಲ್ಲಿ ಬರೆದಿದ್ದಾಳೆ? ಕಾಯಿಯನ್ನು ಮನೆಯಿಂದ ಎತ್ತಿ ನೇರವಾಗಿ ನಡುಮನೆಗೆ ಇಟ್ಟೆ. ಹಾಗಲ್ಲ ಎಂದು ಎಲ್ಲಿದೆ? ಅವಳಿಗೆ ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಪೆನ್ಸಿಲ್ ಬಂತು. ಸಂಜೆಯ ಹೊತ್ತಿಗೆ ಮೂರು ಸಾಲು ಎರಡು ಪುಟವಾಗಿತ್ತು. ಎಲ್ಲೆಡೆ ‘ಒಂದು ವೇಳೆ’, ‘ಇಲ್ಲದಿದ್ದರೆ’, ‘ಅಲ್ಲಿಯವರೆಗೆ’ ಎಂಬ ಪದಗಳು ತುಂಬಿದ್ದವು. ಗಣಕಕ್ಕೆ ಬರೆಯುವ ಕ್ರಮವಿಧಿಗಳ ಬೆನ್ನೆಲುಬೂ ಈ ಮೂರೇ ಪದಗಳು. ಅವಳು ಅಂದು ಯಾವ ಯಂತ್ರವನ್ನೂ ಮುಟ್ಟಿರಲಿಲ್ಲ.

ಅಳಗುಳಿಮಣೆಯನ್ನೇ ತೆಗೆದುಕೊಳ್ಳಿ. ಹದಿನಾಲ್ಕು ಗುಳಿ, ಆಚೆ ಏಳು, ಈಚೆ ಏಳು. ಗುಳಿಗೆ ಐದರಂತೆ ಹಾಕಿದರೆ 70 ಬೀಜ. ಒಂದು ಗುಳಿಯ ಬೀಜಗಳನ್ನು ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುವುದು, ಕೈ ಖಾಲಿಯಾದಾಗ ಮುಂದಿನ ಗುಳಿಯದನ್ನು ಬಾಚಿ ಮತ್ತೆ ಬಿತ್ತುವುದು, ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯ ಬೀಜ ಗೆಲ್ಲುವುದು. ಸವಣೂರಿನವರು ದೊಡ್ಡಹುಣಸೆ ಮಠದ ಆ ಮೂರು ದೈತ್ಯ ಮರಗಳನ್ನು ಬಿಟ್ಟು ಸಣ್ಣ ಹುಣಸೆಯ ಬೀಜವನ್ನೇ ತನ್ನಿ ಎಂದು ವಿನಂತಿ, ಯಾಕೆಂದರೆ ಅವು ಹೆಸರಿಗೆ ಮಾತ್ರ ಹುಣಸೆ, ಜಾತಿಯಿಂದ ಆಫ್ರಿಕದ ಬಾವೊಬಾಬ್. ಇರಲಿ. ಬಾಚು, ಬಿತ್ತು, ನೋಡು, ಮತ್ತೆ ಬಾಚು ಎಂಬ ಈ ಸುತ್ತನ್ನು ಗಣಕದವರು ಲೂಪ್ ಎನ್ನುತ್ತಾರೆ. ಲೂಪಿನಲ್ಲಿ ಮುಖ್ಯವಾದದ್ದು ಸುತ್ತುವುದಲ್ಲ, ನಿಲ್ಲುವುದು. ಮುಂದಿನ ಎರಡೂ ಗುಳಿ ಖಾಲಿಯಿದ್ದರೆ ಏನು? ಗೆದ್ದ ಮೇಲೆ ಅದೇ ಆಟಗಾರ ಮುಂದುವರಿಸಬೇಕೇ, ಕೈ ಬದಲಾಗಬೇಕೇ? ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಅದು ಗುಳಿಯ ಒಡೆಯನಿಗೆ ಎಂದು ಕೆಲವು ಮನೆಗಳಲ್ಲಿ ಆಡುತ್ತಾರೆ, ಕೆಲವು ಮನೆಗಳಲ್ಲಿ ಆ ನಿಯಮವೇ ಇಲ್ಲ. ಆಟದ ನಡುವೆ ತಕರಾರು ಎದ್ದರೆ ಅಜ್ಜಿಯನ್ನು ಕೇಳಬಹುದು. ಗಣಕಕ್ಕೆ ಅಜ್ಜಿ ಇಲ್ಲ. ಎಲ್ಲ ತಕರಾರುಗಳನ್ನೂ ಮೊದಲೇ ಊಹಿಸಿ ತೀರ್ಪು ಬರೆದಿಡಬೇಕು. ಆಷಾಢ ಶ್ರಾವಣದ ಮಳೆಯಲ್ಲಿ ಮಣೆ ಹಾಕಿ ಕೂತ ಹೆಂಗಸರು ಮೂರು ನಾಲ್ಕು ಸುತ್ತು ಮುಂದಿನ ಬೀಜ ಎಲ್ಲಿ ಬೀಳುತ್ತದೆಂದು ಕಣ್ಣಿನಲ್ಲೇ ಲೆಕ್ಕ ಹಾಕುತ್ತಿದ್ದರು. ಅವರನ್ನು ಲೆಕ್ಕ ಬಾರದವರು ಎಂದು ನಾವು ಕರೆದೆವು.

ಚೌಕಾಬಾರದಲ್ಲಿ ಇನ್ನೊಂದು ಪಾಠ ಅಡಗಿದೆ. ಕೆಲವರು ಇದನ್ನು ಕಟ್ಟೆಮನೆ ಎನ್ನುತ್ತಾರೆ, ಕೆಲವರು ಚಕ್ಕಾ ಎನ್ನುತ್ತಾರೆ. ಐದು ಸಾಲು, ಐದು ಕಂಬ, 25 ಮನೆ. ಕಾಯಿ ಹೊರಸುತ್ತಿನ 16 ಮನೆಗಳನ್ನು ಸುತ್ತಿ, ಒಳಸುತ್ತಿನ 8 ಮನೆಗಳನ್ನು ಎದುರು ದಿಕ್ಕಿನಲ್ಲಿ ಸುತ್ತಿ, ನಡುಮನೆಗೆ ಸೇರಿ ಹಣ್ಣಾಗುತ್ತದೆ. ನೆಲದ ಮೇಲೆ ಅದು ಸುರುಳಿ. ಆದರೆ ಮನೆಗಳಿಗೆ 1ರಿಂದ 25ರವರೆಗೆ ಸಂಖ್ಯೆ ಕೊಟ್ಟ ಕೂಡಲೇ ಸುರುಳಿ ಮಾಯವಾಗಿ ಒಂದು ನೇರ ಸಾಲು ಉಳಿಯುತ್ತದೆ. ಕಾಯಿ ಎಲ್ಲಿದೆ ಎಂಬ ಪ್ರಶ್ನೆಗೆ ಒಂದೇ ಸಂಖ್ಯೆ ಸಾಕು. ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಮಾತ್ರ ಹಿಡಿಯುವ ಈ ಜಾಣತನವನ್ನು ಮಕ್ಕಳು ತಾವೇ ಕಂಡುಕೊಂಡಾಗ ಅವರ ಮುಖ ನೋಡಬೇಕು.

ಅಷ್ಟರಲ್ಲಿ ಒಂದು ತೊಡಕು ಬರುತ್ತದೆ. ನಾಲ್ವರು ಆಟಗಾರರು ನಾಲ್ಕು ಬದಿಯಿಂದ ಹೊರಡುತ್ತಾರೆ. ನನ್ನ 1ನೇ ಮನೆ ನನ್ನ ಎದುರಿನ ಕಟ್ಟೆ. ನನ್ನ 5ನೇ ಮನೆಯೇ ಬಲಗಡೆ ಕೂತವನ 1ನೇ ಮನೆ. ನನ್ನ ಕಾಯಿ 7ರಲ್ಲಿ, ಅವನ ಕಾಯಿ 3ರಲ್ಲಿ ಇದ್ದರೆ ಎರಡೂ ಒಂದೇ ಮನೆಯಲ್ಲಿವೆ, ಅಂದರೆ ಕಡಿತ! ಇದನ್ನು ಯಂತ್ರಕ್ಕೆ ತಿಳಿಸುವುದು ಹೇಗೆ? ನಾಲ್ಕು ಕೂಡಿಸಬೇಕು, ಹದಿನಾರು ದಾಟಿದರೆ ಹದಿನಾರು ಕಳೆಯಬೇಕು. ಗಡಿಯಾರದಲ್ಲಿ ಹನ್ನೊಂದಾದ ಮೇಲೆ ಮೂರು ತಾಸಿಗೆ ಎರಡು ಗಂಟೆಯಾಗುವ ಲೆಕ್ಕವೇ ಇದು. ಒಳಸುತ್ತಿಗೆ ಲೆಕ್ಕ ಬೇರೆ, ಅದನ್ನು ಹುಡುಕುವ ಸುಖವನ್ನು ನಿಮಗೂ ನಿಮ್ಮ ಮಕ್ಕಳಿಗೂ ಬಿಡುತ್ತೇನೆ.

ಇನ್ನು ಕವಡೆ. ನಾಲ್ಕು ಕವಡೆ ಬೀಳುವ ರೀತಿ ಒಟ್ಟು ಹದಿನಾರು. ಒಂದೇ ಕವಡೆ ಬಾಯಿ ತೆರೆದು ಬೀಳುವುದು ನಾಲ್ಕು ಬಗೆಯಲ್ಲಿ, ಎರಡು ತೆರೆಯುವುದು ಆರು ಬಗೆಯಲ್ಲಿ, ಮೂರು ತೆರೆಯುವುದು ನಾಲ್ಕು ಬಗೆಯಲ್ಲಿ. ನಾಲ್ಕೂ ತೆರೆದರೆ ಚೌಕ, ನಾಲ್ಕೂ ಮುಚ್ಚಿದರೆ ಎಂಟರ ಬಾರ. ಈ ಎರಡೂ ಒಂದೊಂದೇ ಬಗೆಯಲ್ಲಿ ಬೀಳುತ್ತವೆ. 1, 4, 6, 4, 1. ಛಂದಶ್ಶಾಸ್ತ್ರದ ಮೇರು ಪ್ರಸ್ತಾರದಲ್ಲಿ ಗುರು ಲಘುಗಳನ್ನು ಎಣಿಸುವಾಗ ಸಿಗುವ ಸಾಲೂ ಇದೇ. ಅಪರೂಪಕ್ಕೆ ಬೀಳುತ್ತವೆಂದೇ ಚೌಕಕ್ಕೂ ಬಾರಕ್ಕೂ ಮರು ಎಸೆತದ ಬಹುಮಾನವಿದೆ. ಎಂಟು ಎಸೆತಕ್ಕೊಮ್ಮೆ ಎಂದು ಲೆಕ್ಕ. ಒಂದು ಎಸೆತದ ಸರಾಸರಿ ಎರಡೂವರೆ ಮನೆ. ನಾಲ್ಕು ಕಾಯಿ ಹಣ್ಣಾಗಲು 96 ಹೆಜ್ಜೆ ನಡೆಯಬೇಕು. ಯಾರೂ ಯಾರನ್ನೂ ಕಡಿಯದಿದ್ದರೂ ಒಬ್ಬೊಬ್ಬರಿಗೆ ಸುಮಾರು 38 ಎಸೆತ ಬೇಕು. ಒಂದಾಟಕ್ಕೆ ಒಂದು ಮಧ್ಯಾಹ್ನ ಹಿಡಿಯುವುದು ಇದಕ್ಕೇ! ಎಲ್ಲ ಕವಡೆಗಳೂ ಪ್ರಾಮಾಣಿಕವಲ್ಲ, ಕೆಲವು ಒಂದೇ ಮಗ್ಗುಲಿಗೆ ಹೆಚ್ಚು ಬೀಳುತ್ತವೆ. ನೂರು ಸಲ ಎಸೆದು ಗೀಟು ಹಾಕಿ ನೋಡಲು ಹೇಳಿ. ಪುಸ್ತಕದ ಲೆಕ್ಕಕ್ಕೂ ಕೈಯಲ್ಲಿರುವ ಕವಡೆಗೂ ಇರುವ ಅಂತರ ಅಲ್ಲಿ ಕಾಣುತ್ತದೆ.

ಇದು ಬರಿಯ ಮನರಂಜನೆಯ ಮಾತಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳಿಂದ ಸಾಲಕ್ಕೆ ಬಿದ್ದ ಹುಡುಗರ ಸುದ್ದಿ ವರದಿಗಾರರ ಮೇಜಿಗೆ ಎಷ್ಟೋ ಸಲ ಬಂದಿದೆ. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನೇ ಮಾಡಿತು. ಒಳ್ಳೆಯದಾಯಿತು. ಆದರೆ ಕಾಯ್ದೆ ಬಾಗಿಲು ಮುಚ್ಚುತ್ತದೆಯೇ ಹೊರತು ಕಣ್ಣು ತೆರೆಸುವುದಿಲ್ಲ. ಪರದೆಯ ಹಿಂದೆ ಕವಡೆ ಎಷ್ಟು, ಅವುಗಳ ಬಾಯಿ ಎತ್ತ, ಬಹುಮಾನ ಎಷ್ಟು ಎಸೆತಕ್ಕೊಮ್ಮೆ ಎಂಬುದನ್ನು ಗೊತ್ತು ಮಾಡುವವನು ಆಟ ಕಟ್ಟಿದವನು. ಒಮ್ಮೆಯಾದರೂ ತಾನೇ ಆಟ ಕಟ್ಟಿ, ಯಾರು ಗೆಲ್ಲಬೇಕೆಂದು ನಿಯಮ ತಿರುಚಿ ನೋಡಿದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಸಲ ಹತ್ತಿರ ಹತ್ತಿರ ಸೋಲಿಸಿ ಮೂರನೆಯ ಸಲ ಆಸೆ ಹುಟ್ಟಿಸುವುದು ಒಂದು ಲೆಕ್ಕ ಎಂದು ಅವನಿಗೆ ಗೊತ್ತಿರುತ್ತದೆ. ಅಕ್ಷಹೃದಯವೆಂದರೆ ನನ್ನ ಮಟ್ಟಿಗೆ ಇದೇ.

ನಿಯಮ ತಿರುಚುವುದನ್ನು ತರಗತಿಯಲ್ಲಿ ಧಾರಾಳವಾಗಿ ಮಾಡಿಸಬೇಕು. ಕವಡೆ ನಾಲ್ಕರ ಬದಲು ಮೂರಾದರೆ? ಬೀಳುವ ಬಗೆ ಎಂಟೇ, ಬಹುಮಾನ ನಾಲ್ಕು ಎಸೆತಕ್ಕೊಮ್ಮೆ, ಒಬ್ಬನೇ ಎಸೆಯುತ್ತ ಕೂರುತ್ತಾನೆ, ಉಳಿದವರು ಆಕಳಿಸುತ್ತಾರೆ. ಐದಾದರೆ ಹದಿನಾರಕ್ಕೊಮ್ಮೆ, ಬಹುಮಾನದ ಆಸೆಯೇ ಉಳಿಯುವುದಿಲ್ಲ. ಹುಲಿ ಕುರಿ ಆಟದಲ್ಲಿ ಮೂರು ಹುಲಿಗೆ ಹದಿನೈದು ಕುರಿ ಎಂದಿದ್ದರೆ ಹನ್ನೆರಡು ಮಾಡಿ ನೋಡಲಿ, ಹದಿನೆಂಟು ಮಾಡಿ ನೋಡಲಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೆ ಹತ್ತು ಆಟ, ಪ್ರತಿ ಆಟದ ಫಲಿತಾಂಶ ಕಾಗದದ ಮೇಲೆ. ಇಷ್ಟು ಶಿಸ್ತು ಸಾಕು.

ಆಟ ಕಟ್ಟುವುದು ಈ ನಾಡಿಗೆ ಹೊಸತಲ್ಲ. ಹಾನಗಲ್ಲಿನ ಕದಂಬರು ಯಾರ ಮಾಂಡಲಿಕರಾಗಿದ್ದರೋ ಆ ಕಲ್ಯಾಣ ಚಾಲುಕ್ಯರ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳ ವಿವರಗಳಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಬ್ರಿಟಿಷರು 1831ರಲ್ಲಿ ಆಡಳಿತ ಕಿತ್ತುಕೊಂಡರು. ರಾಜ್ಯಭಾರದ ಕೆಲಸ ಹೋದ ಅರಸರು ಸಾಹಿತ್ಯ, ಸಂಗೀತದ ಜೊತೆಗೆ ಹೊಸ ಹೊಸ ಮಣೆಯಾಟಗಳನ್ನು ಕಟ್ಟಿದರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸಿ, ನಡೆಯ ಕ್ರಮಸಂಖ್ಯೆಯನ್ನು ಮನೆಗಳಲ್ಲಿ ಬರೆದರೆ ಪ್ರತಿ ಸಾಲೂ ಪ್ರತಿ ಕಂಬವೂ ಕೂಡಿ 260 ಆಗುವಂತೆ ಹೊಂದಿಸಿದ ಅವರ ಒಂದು ರಚನೆ ಲೋಕದ ಗಣಿತಪ್ರಿಯರಿಗೆಲ್ಲ ಗೊತ್ತು. ಇಂದು ಇಂಥದನ್ನು ಗಣಕದಿಂದ ಹುಡುಕಿಸುತ್ತಾರೆ, ಅವರಿಗೆ ಇದ್ದದ್ದು ಕಾಗದ ಮತ್ತು ತಾಳ್ಮೆ.

ಈಗ ಎಲ್ಲರ ಬಾಯಲ್ಲೂ ಕೃತಕ ಬುದ್ಧಿಮತ್ತೆ. ಯಂತ್ರ ತಾನೇ ಕಲಿಯುತ್ತದಂತೆ, ಹೇಗೆ ಎಂದು ಮಕ್ಕಳು ಕೇಳಿದರೆ ಉತ್ತರ ಕೊಡಲು ಬೆಂಕಿಪೊಟ್ಟಣ ಸಾಕು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ಗುಪ್ತಲಿಪಿ ಒಡೆಯುವ ಕೆಲಸದಲ್ಲಿದ್ದ ಡೊನಾಲ್ಡ್ ಮಿಚಿ, 1961ರಲ್ಲಿ ಸುಮಾರು ಮುನ್ನೂರು ಬೆಂಕಿಪೊಟ್ಟಣಗಳಿಂದ ಸೊನ್ನೆ ಕತ್ತರಿ ಆಟ ಕಲಿಯುವ ಯಂತ್ರ ಮಾಡಿದರು. ಅವರ ಬಳಿಯೂ ಆಗ ಗಣಕ ಇರಲಿಲ್ಲ! ಮರುವರ್ಷ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಅದನ್ನು 24 ಪೊಟ್ಟಣಕ್ಕೆ ಇಳಿಸಿದರು. ಮೂರು ಸಾಲು ಮೂರು ಕಂಬದ ಹಾಸು, ಈ ಕಡೆ ಮೂರು ಹುಣಸೆ ಬೀಜ, ಆ ಕಡೆ ಮೂರು ಗುಲಗಂಜಿ ಎನ್ನೋಣ. ಎದುರಿನ ಮನೆ ಖಾಲಿಯಿದ್ದರೆ ಒಂದು ಹೆಜ್ಜೆ ಮುಂದೆ, ಓರೆಯಲ್ಲಿ ವೈರಿಯಿದ್ದರೆ ಕಡಿತ. ಆಚೆ ದಂಡೆ ಮುಟ್ಟಿದವನು, ಎಲ್ಲರನ್ನೂ ಕಡಿದವನು ಅಥವಾ ವೈರಿಗೆ ನಡೆಯೇ ಇಲ್ಲದಂತೆ ಮಾಡಿದವನು ಗೆದ್ದ. ಹುಡುಗ ಮೊದಲು ನಡೆಯುತ್ತಾನೆ, ಯಂತ್ರ ಆಮೇಲೆ. ಯಂತ್ರದ ಸರದಿಯಲ್ಲಿ ಬರಬಹುದಾದ ಒಂದೊಂದು ಸ್ಥಿತಿಗೂ ಒಂದು ಪೊಟ್ಟಣ. ಅದರ ಮೇಲೆ ಆ ಸ್ಥಿತಿಯ ಚಿತ್ರ, ಒಳಗೆ ಸಾಧ್ಯವಿರುವ ಪ್ರತಿ ನಡೆಗೆ ಒಂದು ಬಣ್ಣದ ಮಣಿ. ಅಲುಗಾಡಿಸಿ, ಕಣ್ಣು ಮುಚ್ಚಿ ಒಂದು ಮಣಿ ತೆಗೆಯಿರಿ. ಅದೇ ಯಂತ್ರದ ನಡೆ. ಯಂತ್ರ ಸೋತರೆ ಅದರ ಕೊನೆಯ ನಡೆಯ ಮಣಿಯನ್ನು ಎತ್ತಿ ಬಿಸಾಡಿ. ಮೊದಮೊದಲು ಮಕ್ಕಳು ಕೇಕೆ ಹಾಕಿ ಗೆಲ್ಲುತ್ತಾರೆ. ಮಣಿಗಳು ಕಡಿಮೆಯಾದಂತೆ ಗೆಲುವೂ ಕಡಿಮೆಯಾಗುತ್ತದೆ, ಕೊನೆಗೆ ಪೊಟ್ಟಣಗಳ ರಾಶಿಯನ್ನು ಸೋಲಿಸಲಾಗುವುದೇ ಇಲ್ಲ. ಅದರೊಳಗೆ ಬುದ್ಧಿ ಎಲ್ಲಿದೆ ಎಂದು ಆಗ ಕೇಳಿ. ಮಕ್ಕಳ ಚರ್ಚೆ ಊಟದ ಗಂಟೆಯನ್ನೂ ಮೀರುತ್ತದೆ.

ನಿಮ್ಮ ಆಕ್ಷೇಪಗಳು ನನಗೆ ಗೊತ್ತು. ಪಾಠ ಮುಗಿಸಲೇ ಹೊತ್ತಿಲ್ಲ ಎನ್ನುತ್ತೀರಿ, ಶಾಲೆಯಲ್ಲಿ ಕವಡೆ ಆಡಿಸುತ್ತಾರೆಂದು ಪಾಲಕರು ಬಂದು ನಿಂತಾರು ಎನ್ನುತ್ತೀರಿ. ಎರಡನೆಯದಕ್ಕೆ ಮದ್ದು ಪಾಲಕರನ್ನೇ ಕೂಡಿಸಿಕೊಂಡು ಆಡಿಸುವುದು, ಅಳಗುಳಿಮಣೆಗಂತೂ ಅಜ್ಜಿಯರೇ ಗುರುಗಳು. ಮೊದಲನೆಯದಕ್ಕೆ ಸುಲಭದ ಉತ್ತರವಿಲ್ಲ. ವಾರಕ್ಕೊಂದು ಅವಧಿ ಸಿಕ್ಕರೂ ಸಾಕು ಎನ್ನುವುದು ನನ್ನ ಆಸೆ. ಯಂತ್ರವೇ ಬೇಡವೇ ಎಂದರೆ ಬೇಕು, ಆದರೆ ಎರಡನೆಯ ಹೆಜ್ಜೆಯಾಗಿ. ಅಮೆರಿಕದ ಎಂಐಟಿ ಸಂಸ್ಥೆ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಎಂಬ ಸಾಧನ ಉಚಿತ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಆಟ ಕಟ್ಟಬಹುದು, ‘ಒಂದು ವೇಳೆ’ಗೂ ‘ಅಲ್ಲಿಯವರೆಗೆ’ಗೂ ಅಲ್ಲಿ ಒಂದೊಂದು ತುಂಡಿದೆ. ನಿಯಮವನ್ನು ಕನ್ನಡದಲ್ಲಿ ಬರೆದು, ಆಡಿ, ತಿದ್ದಿದ ಮಗುವಿಗೆ ಆ ತುಂಡುಗಳು ಹಳೆಯ ಪರಿಚಯದವರಂತೆ ಕಾಣುತ್ತವೆ. ಹಾಗೆ ಮಾಡದೆ ನೇರವಾಗಿ ಪರದೆಯ ಮುಂದೆ ಕೂತ ಮಗು ತುಂಡು ಜೋಡಿಸುವುದನ್ನಷ್ಟೇ ನೋಡಿ ನಕಲು ಮಾಡುತ್ತದೆ. ನಗರಗಳಲ್ಲಿ ಸಾವಿರಾರು ರೂಪಾಯಿ ಶುಲ್ಕಕ್ಕೆ ಮಾರುವ ಕೋಡಿಂಗ್ ತರಗತಿಗಳಲ್ಲೂ ಈ ನಕಲು ಬೇಕಾದಷ್ಟಿದೆ, ಆದ್ದರಿಂದ ನಮ್ಮ ಮಕ್ಕಳು ಹಿಂದುಳಿದರೆಂದು ಕೊರಗುವ ಕಾರಣವಿಲ್ಲ.

ನೀವು ನಾಲ್ಕು ತಾಲ್ಲೂಕಿನವರು ಇಲ್ಲಿ ಸೇರಿದ್ದೀರಿ. ಊಟದ ನಂತರ ಒಂದು ಕೆಲಸ ಮಾಡೋಣ. ಪ್ರತಿ ತಾಲ್ಲೂಕಿನವರೂ ತಮ್ಮ ಕಡೆ ಆಡುವ ಒಂದು ಆಟದ ನಿಯಮವನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಹಾನಗಲ್ಲಿನವರ ಹಾಳೆ ಹಿರೇಕೆರೂರಿನವರಿಗೆ, ಹಿರೇಕೆರೂರಿನವರದು ಸವಣೂರಿಗೆ, ಸವಣೂರಿನದು ಶಿಗ್ಗಾವಿಗೆ, ಶಿಗ್ಗಾವಿಯದು ಹಾನಗಲ್ಲಿಗೆ. ಕೈಗೆ ಬಂದ ಹಾಳೆಯಲ್ಲಿ ಇರುವಷ್ಟನ್ನೇ ಆಡಬೇಕು, ಬರೆದವರನ್ನು ಏನೂ ಕೇಳುವಂತಿಲ್ಲ. ಆಟ ಎಲ್ಲಿ ನಿಂತಿತೋ ಅಲ್ಲಿ ಕೆಂಪು ಗೆರೆ ಎಳೆದು ಹಾಳೆ ವಾಪಸು ಕಳಿಸಿ, ಅವರು ತಿದ್ದಿ ಮತ್ತೆ ಕೊಡಲಿ. ತಿದ್ದಿದ ಹಾಳೆಗಳನ್ನು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೂ ಒಂದು ಪ್ರತಿ ಕೊಡಬಹುದು, ಅದು ಶಿಗ್ಗಾವಿಯವರಿಗೆ ದೂರವೇನಲ್ಲ. ಕವಡೆ, ಬೀಜ ಈ ಚೀಲದಲ್ಲಿವೆ. ಬೆಂಕಿಪೊಟ್ಟಣಗಳನ್ನು ಮಾತ್ರ ನೀವೇ ಹೊಂದಿಸಿಕೊಳ್ಳಬೇಕು, 24 ಬೇಕು.